ಉಪ್ಪಿನ ಆಚೆ ಕೂತವನು

ಸುಚೇತಾ ಸುಲಭಕ್ಕೆ ಹೇಸಿಕೊಳ್ಳುವ ಹೆಂಗಸಲ್ಲ. ಸ್ಟಾಕ್‌ಪೋರ್ಟಿನಲ್ಲಿ ಜಿಪಿಯಾಗಿ, ಅಂದರೆ ಫ್ಯಾಮಿಲಿ ಡಾಕ್ಟರಾಗಿ, ಇಷ್ಟು ವರ್ಷ ಕೀವು, ಹುಣ್ಣು, ಸಕ್ಕರೆ ಕಾಯಿಲೆಗೆ ಕೊಳೆತ ಕಾಲ್ಬೆರಳು ಎಲ್ಲವನ್ನೂ ನೋಡಿ, ಕೈ ತೊಳೆದುಕೊಂಡು, ಡಬ್ಬಿ ಬಿಚ್ಚಿ ಮೊಸರನ್ನ ಉಂಡವಳು. ಅಂಥವಳಿಗೂ ಗಂಡ ಪ್ರಭಾಕರ ಆ ಉಪ್ಪಿನ ಪಾತ್ರೆಯನ್ನು ಮನೆಗೆ ತಂದ ದಿನ ಹೇಸಿಗೆ ಅನ್ನಿಸಿತು.

ಯಾರ್ಕ್‌ಷೈರಿನ ಯಾವುದೋ ದೊಡ್ಡ ಮನೆತನದ ಬಂಗಲೆಯ ಸಾಮಾನು ಹರಾಜಿಗೆ ಬಂದಿತ್ತು. ಪ್ರಭಾಕರ ಅಲ್ಲಿಗೆ ಹೋಗಿ, ಹೆರಿಗೆ ಆಸ್ಪತ್ರೆಯಿಂದ ಕೂಸು ತರುವ ಹಾಗೆ ಅದನ್ನು ಟವೆಲಿನಲ್ಲಿ ಸುತ್ತಿ ತಂದು, ಊಟದ ಮೇಜಿನ ಮೇಲಿಟ್ಟು ಬಿಚ್ಚಿದ. ಮೊಳದೆತ್ತರದ ಬೆಳ್ಳಿ. ಬುಡದಲ್ಲಿ ಸಿಂಹದ ಪಂಜಗಳು. ಪಂಜಗಳ ನಡುವೆ ಕೊರಳಿಗೆ ಪಟ್ಟಿ ಹಾಕಿದ ಒಬ್ಬ ಮನುಷ್ಯ ಮಂಡಿಯೂರಿ ಕೂತಿದ್ದ. ಆಫ್ರಿಕಾದವನೋ, ನಮ್ಮ ಕಡೆಯವನೋ ಹೇಳಲಿಕ್ಕಾಗುತ್ತಿರಲಿಲ್ಲ. ಮಾಡಿದವನಿಗೂ ಅದು ಬೇಕಾಗಿರಲಿಲ್ಲ. ಅವನ ಬಾಗಿದ ಬೆನ್ನ ಮೇಲೆ ದೊಡ್ಡದೊಂದು ಚಿಪ್ಪು, ಅದರಲ್ಲಿ ಉಪ್ಪು ಹಾಕುವುದು. ಚಿಪ್ಪಿನ ಹಿಂದೆ ಹೊಟ್ಟೆ ಬಿಟ್ಟುಕೊಂಡ ಒಬ್ಬ ಸಮುದ್ರದೇವರು. ಸುತ್ತಲೂ ಬಾಯಿ ಬಿಟ್ಟ ಮೀನು, ರೆಕ್ಕೆ ಬಂದ ಬೆತ್ತಲೆ ಕೂಸುಗಳು, ದ್ರಾಕ್ಷಿ ಗೊಂಚಲು. ಒಂದು ಬೆರಳು ಇಡುವಷ್ಟು ಜಾಗವನ್ನೂ ಸುಮ್ಮನೆ ಬಿಟ್ಟಿರಲಿಲ್ಲ. ಸುಚೇತಾಳ ಕಣ್ಣಿಗೆ ಆ ದ್ರಾಕ್ಷಿ ಮೂಗಿನೊಳಗೆ ಬೆಳೆಯುವ ದುರ್ಮಾಂಸದ ಹಾಗೆ, ಚಿಪ್ಪು ಬಾತುಕೊಂಡ ಕಿವಿಯ ಹಾಗೆ ಕಂಡಿತು.

"ಬರೋಕ್ ಸ್ಟೈಲು," ಅಂದ ಪ್ರಭಾಕರ, ದೇವರ ಹೆಸರು ಹೇಳುವಷ್ಟು ಮೆತ್ತಗೆ. "ಮುನ್ನೂರು ವರ್ಷ ಹಳೇದು. ಇದು ಬರೀ ಉಪ್ಪಿನ ಬಟ್ಟಲು ಅಂದ್ಕೋಬೇಡ. ಲಾರ್ಡುಗಳ ಟೇಬಲ್ ಮೇಲೆ ಇದು ಎಲ್ಲಿರತ್ತೋ ಅಲ್ಲೇ ಗೆರೆ. ಉಪ್ಪಿನ ಈಚೆ ಕೂರೋರು ಮರ್ಯಾದಸ್ಥರು, ಆಚೆ ಕೂರೋರು ಆಳುಕಾಳು, ಬಡ ನೆಂಟರು. ಬಾಯಿಬಿಟ್ಟು ಯಾರೂ ಏನೂ ಹೇಳೋ ಹಾಗಿಲ್ಲ. ಉಪ್ಪೇ ಹೇಳತ್ತೆ!"

"ಆ ಮನುಷ್ಯ ಯಾವ ಕಡೆ ಕೂರ್ತಾನೆ?" ಎಂದು ಅವಳು ಮಂಡಿಯೂರಿದವನತ್ತ ಬೆರಳು ತೋರಿಸಿದಳು.

"ಯಾವ ಮನುಷ್ಯ? ಅದು ಡಿಸೈನು ಕಣೇ."

ಪ್ರಭಾಕರ ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಮೂಳೆ ಶಸ್ತ್ರವೈದ್ಯ. ಕೈಗುಣ ಒಳ್ಳೆಯದು ಅನ್ನುವ ಹೆಸರಿತ್ತು. ನಿವೃತ್ತಿ ಹತ್ತಿರ ಬಂದಂತೆ ಅವನಿಗೆ ಈ ಬೆಳ್ಳಿಯ ಹುಚ್ಚು ಹಿಡಿದಿತ್ತು. ಮೊದಲು ಚಮಚ, ಮುಳ್ಳುಚಮಚ, ಆಮೇಲೆ ತಟ್ಟೆ, ಬಟ್ಟಲು, ದೀಪದ ಕಂಬ. ಬರ್ಮಿಂಗ್‌ಹ್ಯಾಮಿನ ಜ್ಯುವೆಲರಿ ಕ್ವಾರ್ಟರಿಗೆ ಒಯ್ದು ಪ್ರತಿಯೊಂದರ ಮೇಲಿದ್ದ ಹಳೆಯ ಮನೆತನದ ಲಾಂಛನ ಉಜ್ಜಿಸಿ ತೆಗೆಸಿ, ಆ ಜಾಗದಲ್ಲಿ ಗಂಡಭೇರುಂಡ ಕೆತ್ತಿಸಿಕೊಂಡು ಬರುತ್ತಿದ್ದ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವನಿಗೆ ಅರಮನೆಯ ಹಕ್ಕಿ ಯಾಕೆ ಎಂದು ಕೇಳಿದರೆ, "ನಮ್ಮ ತಾತ ಬೆಳ್ಳಿ ತಟ್ಟೇಲೇ ಊಟ ಮಾಡ್ತಿದ್ದಿದ್ದು" ಅನ್ನುತ್ತಿದ್ದ.

ಆ ಮಾತು ಸುಳ್ಳಲ್ಲ. ಸುಚೇತಾ ಮದುವೆಯಾಗಿ ಆ ಮನೆಗೆ ಹೋದಾಗ ಬೆಳ್ಳಿ ತಟ್ಟೆಯನ್ನೂ ನೋಡಿದ್ದಳು, ಹಿತ್ತಲ ಬಾಗಿಲಲ್ಲಿ ನಿಂತ ಹೆಂಗಸಿನ ಬೊಗಸೆಗೆ ಅತ್ತೆ ಮೇಲಿನಿಂದ ನೀರು ಸುರಿಯುವುದನ್ನೂ ನೋಡಿದ್ದಳು. ತಟ್ಟೆಯ ಕಥೆಯನ್ನು ಪ್ರಭಾಕರ ಎಲ್ಲರಿಗೂ ಹೇಳುತ್ತಿದ್ದ. ನೀರಿನದನ್ನು ಯಾರಿಗೂ ಹೇಳಿದ್ದು ಅವಳು ಕೇಳಿರಲಿಲ್ಲ.

ಹೇಳಿಕೊಳ್ಳಲಿಕ್ಕೆ ಅವನದು ವೈಭವ. ತೊಳೆಯುವ ಕೆಲಸ ಮಾತ್ರ ಅವಳದು. ಮಷಿನ್ನಿಗೆ ಹಾಕುವ ಹಾಗಿಲ್ಲ. ಚಮಚದ ಹಿಡಿಯ ಮೇಲಿನ ಕೂಸುಗಳ ಕಂಕುಳಲ್ಲಿ ಹಳೆಯ ಹುಳಿಯ ಬೇಳೆ, ಎಲೆಗಳ ಸಂದಿಯಲ್ಲಿ ತುಪ್ಪದ ಜಿಡ್ಡು. ಹಲ್ಲುಜ್ಜುವ ಬ್ರಷ್ಷಿನಿಂದ ಎಷ್ಟು ಕೆದಕಿದರೂ ಕಪ್ಪು ರಸದಂಥದ್ದು ಬರುತ್ತಲೇ ಇರುತ್ತಿತ್ತು. ಅದರ ಮೇಲೆ ಪಾಲಿಶಿನ ವಾಸನೆ. ಆ ಚಮಚದಲ್ಲಿ ತುತ್ತು ಬಾಯಿಗಿಟ್ಟರೆ ನಾಲಿಗೆಗೆ ನಾಣ್ಯ ನೆಕ್ಕಿದ ರುಚಿ. ಅವಳು ಒಬ್ಬಳೇ ಇದ್ದಾಗ ಸ್ಟೀಲ್ ತಟ್ಟೆಯಲ್ಲಿ ಕೈಯಲ್ಲಿ ಕಲಸಿ ಉಣ್ಣುತ್ತಿದ್ದಳು.

ಹಂಸಾ ತನ್ನ ಹುಡುಗನನ್ನು ಊಟಕ್ಕೆ ಕರೆತರುತ್ತೇನೆ ಎಂದು ಫೋನ್ ಮಾಡಿದಾಗ ಪ್ರಭಾಕರ ಖುಷಿಯಿಂದ ಕುಣಿದುಬಿಟ್ಟ. ಹಂಸಾ ಅವರ ಒಬ್ಬಳೇ ಮಗಳು. ಇಲ್ಲೇ ಹುಟ್ಟಿದವಳು, ಬರ್ಮಿಂಗ್‌ಹ್ಯಾಮಿನಲ್ಲಿ ಫಿಸಿಯೋಥೆರಪಿಸ್ಟ್. ಯಾವ ಬಿಳಿ ಹುಡುಗನನ್ನು ಕಟ್ಟಿಕೊಳ್ಳುತ್ತಾಳೋ ಎಂದು ಅವನಿಗೆ ಒಳಗೊಳಗೇ ಹೆದರಿಕೆಯಿತ್ತು. ಈಗ ನೋಡಿದರೆ ಹುಡುಗ ಕನ್ನಡದವನು, ಹೆಸರು ಉಲ್ಲಾಸ್, ರೈಲ್ವೆ ಎಂಜಿನಿಯರಿಂಗಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ, ಊರು ಕೊಳ್ಳೇಗಾಲ. "ಕೊಳ್ಳೇಗಾಲ ಅಂದ್ರೆ ನಮ್ಮ ಮೈಸೂರೇ ಅಲ್ವೇನೇ!" ಎಂದು ಪ್ರಭಾಕರ ಶೆಫೀಲ್ಡಿನಿಂದ ಹಳೆಯ ಸ್ನೇಹಿತ ಡಾಕ್ಟರ್ ನಾಗಭೂಷಣರನ್ನೂ ಅವರ ಹೆಂಡತಿ ರಜನಿಯನ್ನೂ ಕರೆದ. ಭಾನುವಾರ ಬೆಳಿಗ್ಗೆ ತಾನೇ ನಿಂತು ಮೇಜು ಸಿಂಗರಿಸಿದ. ಸುಚೇತಾ ಬೀನ್ಸ್ ಪಲ್ಯ, ಕೋಸಂಬರಿ, ಹುಳಿ, ಶಾವಿಗೆ ಪಾಯಸ ಮಾಡಿದಳು.

ಉಲ್ಲಾಸ್ ತೆಳ್ಳಗೆ, ಎತ್ತರಕ್ಕಿದ್ದ. ಮಾತು ಕಡಿಮೆ. ಬಾಗಿಲಲ್ಲಿ ಶೂ ಬಿಚ್ಚಿ ಪಕ್ಕಕ್ಕಿಟ್ಟು, "ನಮಸ್ಕಾರ ಆಂಟಿ, ನಾನಿರೋ ಸೆಲ್ಲಿ ಓಕ್‌ನಲ್ಲಿ ಸಿಕ್ಕಿದ್ದು ಇಷ್ಟೇ" ಎಂದು ಮಾವಿನಹಣ್ಣಿನ ಪೆಟ್ಟಿಗೆ ಕೊಟ್ಟ. ಪ್ರಭಾಕರ ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ಮನೆಯೆಲ್ಲ ತೋರಿಸಿ, ತನ್ನ ಬಲಗಡೆಗೆ ಕೂರಿಸಿಕೊಂಡ. ಎದುರಿಗೆ ನಾಗಭೂಷಣ. ಉಲ್ಲಾಸನ ಪಕ್ಕ ಹಂಸಾ, ಅವಳ ಎದುರು ರಜನಿ. ಮೇಜಿನ ಆ ತುದಿಯಲ್ಲಿ ಸುಚೇತಾ, ಅವಳ ಮುಂದೆ ಉಪ್ಪಿನ ಪಾತ್ರೆ.

ಉಪ್ಪಿನ ಕಥೆ ಇನ್ನೊಮ್ಮೆ ಆಯಿತು. "ಅದಕ್ಕೇ ನೋಡಿ, ಅದನ್ನ ಆ ತುದೀಲಿಟ್ಟಿದೀನಿ. ಇವತ್ತು ಎಲ್ಲರೂ ಉಪ್ಪಿನ ಈಚೆಯೋರೇ!" ಎಂದ ಪ್ರಭಾಕರ. ನಾಗಭೂಷಣ ಹೊಟ್ಟೆ ಕುಣಿಸಿ ನಕ್ಕರು.

ಕೋಸಂಬರಿ ಮುಗಿದು ಹುಳಿಯನ್ನ ಬಂತು. ಪ್ರಭಾಕರ ಹುಡುಗನ ಮನೆಯವರ ವಿಚಾರ ಎತ್ತಿಕೊಂಡ.

"ತಂದೆ ಏನು ಮಾಡ್ತಾರಪ್ಪ?"

"ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿದ್ರು ಸರ್. ಈಗ ರಿಟೈರ್ಡು."

"ಭೇಷ್. ಮೇಷ್ಟ್ರ ಮಕ್ಕಳು ಅಂದ್ರೆ ಕೇಳ್ಬೇಕಾ. ಕೊಳ್ಳೇಗಾಲದಲ್ಲಿ ಮನೆ ಎಲ್ಲಿ ಬರತ್ತೆ?"

"ಬಸ್‌ಸ್ಟ್ಯಾಂಡಿಂದ ಸ್ವಲ್ಪ ಮುಂದೆ."

"ಅಂದ್ರೆ ಯಾವ ಬೀದಿ?"

ಸುಚೇತಾಳ ಕೈ ತಟ್ಟೆಯಲ್ಲೇ ನಿಂತಿತು. ಆ ಪ್ರಶ್ನೆಯ ಬೆನ್ನಿಗೆ ಯಾವ ಪ್ರಶ್ನೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಮನೆದೇವ್ರು ಯಾವುದು ನಿಮ್ಗೆ?"

ಉಲ್ಲಾಸ್ ಮುಳ್ಳುಚಮಚ ಕೆಳಗಿಟ್ಟ. "ಸರ್, ನೀವು ಕೇಳ್ತಿರೋದು ಜಾತಿ ತಾನೇ? ನಾವು ದಲಿತರು. ಹಂಸಾ ಹೇಳಿರ್ತಾಳೆ ಅಂದ್ಕೊಂಡಿದ್ದೆ."

"ವೈ ಶುಡ್ ಐ?" ಎಂದಳು ಹಂಸಾ.

"ಛೆ ಛೆ ಛೆ, ನಾನೆಲ್ಲಿ ಅದನ್ನ ಕೇಳ್ದೆ?" ಪ್ರಭಾಕರನ ನಗು ಇದ್ದಲ್ಲೇ ಇತ್ತು, ಒಂದು ಎಳೆಯೂ ಅಲುಗಲಿಲ್ಲ. "ಅದೆಲ್ಲಾ ಹಳೇ ಕಾಲ. ಇಲ್ಲಿ ಬಂದ ಮೇಲೆ ಯಾವ ಜಾತಿ, ಎಲ್ಲಿ ಜಾತಿ. ಅಲ್ವೇನ್ರೀ ನಾಗಭೂಷಣ?"

"ಅಲ್ವಾ ಮತ್ತೆ," ಎಂದು ನಾಗಭೂಷಣ ಹಪ್ಪಳ ಮುರಿದರು.

ಎಲ್ಲರೂ ಮತ್ತೆ ಊಟ ಶುರುಮಾಡಿದರು. ಮನೆ ಬಾಡಿಗೆ, ರೈಲು ಮುಷ್ಕರ ಅಂತ ಏನೇನೋ ಮಾತು. ಸ್ವಲ್ಪ ಹೊತ್ತಿಗೆ ಪ್ರಭಾಕರ ಎದ್ದು ಮೇಜಿನ ಆ ತುದಿಗೆ ಬಂದು, ಸುಚೇತಾಳ ಮುಂದಿದ್ದ ಉಪ್ಪಿನ ಪಾತ್ರೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡ. "ಇಲ್ಲಿ ಯಾರಿಗೂ ಕಾಣಲ್ಲ ಇದು" ಅನ್ನುತ್ತ ಕೊಂಡೊಯ್ದು, ತನ್ನ ತಟ್ಟೆಗೂ ಉಲ್ಲಾಸನ ತಟ್ಟೆಗೂ ನಡುವೆ ಇಟ್ಟ. ಸಿಂಹದ ಪಂಜ ಉಲ್ಲಾಸನ ತಟ್ಟೆಗೆ ತಾಗಿ ಕಿರ್ ಎಂದಿತು. ಉಲ್ಲಾಸ್ ತಟ್ಟೆಯನ್ನು ಹಂಸಾಳ ಕಡೆಗೆ ಸರಿಸಿಕೊಳ್ಳಬೇಕಾಯಿತು. ನಾಗಭೂಷಣರ ಕಡೆ ಮೊದಲಿನಂತೆ ತೆರೆದೇ ಇತ್ತು. ರಜನಿ ಒಮ್ಮೆ ಸುಚೇತಾಳ ಮುಖ ನೋಡಿ ತಲೆ ಬಗ್ಗಿಸಿದಳು.

ಪಲ್ಯಕ್ಕೆ ಉಪ್ಪು ಸಾಲದಾಗಿತ್ತೇನೋ, ಉಲ್ಲಾಸ್ ಚಿಪ್ಪಿನತ್ತ ಕೈ ನೀಡಿದ. ಪ್ರಭಾಕರ ತಟಕ್ಕನೆ ಅದರಲ್ಲಿದ್ದ ಪುಟ್ಟ ಚಮಚವನ್ನು ತಾನೇ ತೆಗೆದುಕೊಂಡ. "ಇರು ಇರು, ನಾನೇ ಹಾಕ್ತೀನಿ." ಚಮಚ ತಟ್ಟೆಗೆ ತಾಗದಷ್ಟು ಮೇಲೆ ಹಿಡಿದು ಉಪ್ಪನ್ನು ಉದುರಿಸಿದ. ಬಿಳಿಯ ಹರಳುಗಳು ಅನ್ನದ ಮೇಲೆ, ಮೇಜುಬಟ್ಟೆಯ ಮೇಲೆ, ಉಲ್ಲಾಸನ ಹಸ್ತದ ಮೇಲೆ ಬಿದ್ದವು. ಅತ್ತೆಯ ಕೈ ಹೀಗೇ ಮೇಲಿರುತ್ತಿತ್ತು. ಮಣಿಕಟ್ಟಿನ ಆ ಬಾಗು ಕೂಡ ಅದೇ.

ಸುಚೇತಾಳ ಬಾಯಲ್ಲಿ ನೀರು ಒಡೆಯಿತು, ವಾಂತಿಗೆ ಮುಂಚೆ ಒಡೆಯುವ ಹಾಗೆ. ಆದರೂ ಅವಳು ರಜನಿಯತ್ತ ಹಪ್ಪಳದ ತಟ್ಟೆ ಸರಿಸಿದಳು.

ಪಾಯಸದ ಹೊತ್ತಿಗೆ ಪ್ರಭಾಕರ ತಾನೇ ಅಡಿಗೆಮನೆಗೆ ಹೋಗಿ ಟ್ರೇ ತಂದ. ಎಲ್ಲರಿಗೂ ಬೆಳ್ಳಿ ಬಟ್ಟಲು, ಉಲ್ಲಾಸನಿಗೆ ಗಾಜಿನದು. "ಒಂದು ಬಟ್ಟಲು ಪಾಲಿಶ್‌ಗೆ ಹೋಗಿದೆ ಕಣಪ್ಪ, ಬೇಜಾರು ಮಾಡ್ಕೋಬೇಡ." ಬೀರುವಿನಲ್ಲಿ ಅಂಥ ಬಟ್ಟಲುಗಳು ಒಂದರೊಳಗೊಂದು ಕೂತಿದ್ದವು. ಹಂಸಾ ತನ್ನ ಬಟ್ಟಲನ್ನು ಉಲ್ಲಾಸನ ಮುಂದೆ ತಳ್ಳಿ ಗಾಜಿನದನ್ನು ತಾನೆಳೆದುಕೊಂಡಳು. ಆ ಕ್ಷಣ ಪ್ರಭಾಕರನ ಮೂಗಿನ ಹೊಳ್ಳೆ ಇಷ್ಟೇ ಇಷ್ಟು ಅರಳಿತು. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಯಾರಾದರೂ ಶುದ್ಧ ಮಾಡಿದ ಟ್ರೇ ಮುಟ್ಟಿಬಿಟ್ಟರೆ ಹಾಗೆ ಅರಳುತ್ತದೆ ಎಂದು ಅವನ ನರ್ಸುಗಳು ಹೇಳುತ್ತಿದ್ದುದನ್ನು ಸುಚೇತಾ ಕೇಳಿದ್ದಳು.

ಊಟ ಮುಗಿದು ಎಲ್ಲರೂ ಕೈ ತೊಳೆದು ಹಾಲಿಗೆ ಹೋದರು. ಪ್ರಭಾಕರ, "ನೀನು ಕೂತ್ಕೋ, ನಾನು ತೆಗೀತೀನಿ" ಎಂದು ತಟ್ಟೆ ಎತ್ತತೊಡಗಿದ. ಅವನು ಯಾವತ್ತೂ ಎಂಜಲು ತಟ್ಟೆ ಎತ್ತಿದವನಲ್ಲ. ಸುಚೇತಾ ಎರಡು ನಿಮಿಷ ಬಿಟ್ಟು ಹಿಂದೆ ಹೋದಳು.

ಅಡಿಗೆಮನೆಯಲ್ಲಿ ಕೆಟಲ್ ಆಗಷ್ಟೇ ಕುದಿದು ನಿಂತಿತ್ತು. ಉಳಿದವರ ತಟ್ಟೆಗಳೆಲ್ಲ ಒಂದರ ಮೇಲೊಂದು ಪೇರಿಸಿಟ್ಟ ಹಾಗೇ ಇದ್ದವು. ಸಿಂಕಿನಲ್ಲಿ ಒಂದೇ ಒಂದು ತಟ್ಟೆ, ಒಂದು ಮುಳ್ಳುಚಮಚ, ಒಂದು ಬಟ್ಟಲು. ಪ್ರಭಾಕರ ಕಿಚನ್ ಪೇಪರನ್ನು ಮಡಿಸಿ ಬೆರಳಿಗೆ ಸುತ್ತಿಕೊಂಡು, ಆ ಮುಳ್ಳುಚಮಚದ ತುದಿಯನ್ನು ಚಿಮುಟದಲ್ಲಿ ಹಿಡಿದ ಹಾಗೆ ಹಿಡಿದು, ಹೊಗೆಯಾಡುವ ನೀರು ಸುರಿಯುತ್ತಿದ್ದ. ತುಟಿ ಸಣ್ಣಗೆ ಅಲುಗುತ್ತಿತ್ತು. ಮಂತ್ರವೋ, ಏನೋ ಲೆಕ್ಕವೋ ಅವಳಿಗೆ ತಿಳಿಯಲಿಲ್ಲ. ಬೆಳ್ಳಿಯ ಕೂಸುಗಳ ಕೆನ್ನೆಯ ಮೇಲಿಂದ ಅರಿಶಿನದ ನೀರು ಇಳಿಯುತ್ತಿತ್ತು. ಹುಳಿ, ಬಿಸಿ ಲೋಹ, ಪಾಲಿಶು ಮೂರೂ ಸೇರಿದ ಹಬೆ ಅವಳ ಮುಖಕ್ಕೆ ಬಡಿಯಿತು.

ಮೂವತ್ತು ವರ್ಷ ಈ ಕೈಗಳ ಪಕ್ಕ ಮಲಗಿದ್ದೇನೆ ಅನ್ನಿಸಿತು ಅವಳಿಗೆ. ಅವಳು ತಿರುಗಿ ಹಾಲಿಗೆ ಬಂದಳು. ನಾಗಭೂಷಣ ಸೋಫಾದಲ್ಲಿ ಒರಗಿ ಏಲಕ್ಕಿ ಅಗಿಯುತ್ತಿದ್ದರು.

"ಉಲ್ಲಾಸ್," ಎಂದಳು ಸುಚೇತಾ. ದನಿ ತಾನಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಬಂತು. "ನೀನು ತಿಂದ ತಟ್ಟೆ, ಚಮಚಾನ ಹಂಸಾಳ ಅಪ್ಪ ಒಳಗಡೆ ಬೇರೆ ಮಾಡಿ ಕುದಿಯೋ ನೀರಲ್ಲಿ ತೊಳೀತಿದ್ದಾರೆ. ಬೇಕು ಅಂತಲೇ ನಿನಗೆ ಗಾಜಿನ ಬಟ್ಟಲು ಕೊಟ್ಟಿದ್ದು. ಬೆಳ್ಳೀದು ಬೇಕಾದಷ್ಟಿದೆ."

ರಜನಿ "ಅಯ್ಯೋ" ಎಂದಳು. ನಾಗಭೂಷಣ ಎದ್ದು ಕೂತು, "ಏನಮ್ಮಾ ಸುಚೇತಾ, ಏನೋ ಹಳೇ ಬೆಳ್ಳಿ, ಅದಕ್ಕೆ ಅದರದೇ ಆದ ಒಂದು ಕ್ರಮ ಇರತ್ತಪ್ಪ..." ಎಂದು ಮಾತು ತೇಲಿಸಲು ನೋಡಿದರು. ಅಷ್ಟರಲ್ಲಿ ಪ್ರಭಾಕರ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದ. ಬೆರಳಿಗೆ ಪೇಪರ್ ಇನ್ನೂ ಸುತ್ತಿಕೊಂಡೇ ಇತ್ತು.

ಹಂಸಾ ಆ ಬೆರಳನ್ನು ನೋಡಿದಳು. "ದಟ್ಸ್ ಡಿಸ್‌ಗಸ್ಟಿಂಗ್, ಡ್ಯಾಡ್," ಎಂದಳು. ಅಳುತ್ತಿರಲಿಲ್ಲ. ಎದ್ದು ಕೋಟು ತೆಗೆದುಕೊಂಡಳು.

ಉಲ್ಲಾಸ್ ಮಾತ್ರ ಇನ್ನೂ ಕೂತಿದ್ದ. ಅವನ ಕಿವಿ ಕೆಂಪಾಗಿತ್ತು. ಪ್ರಭಾಕರನನ್ನಲ್ಲ, ನೆಲವನ್ನು ನೋಡುತ್ತಿದ್ದ. ಆಮೇಲೆ ಎದ್ದು, "ಬರ್ತೀನಿ ಸರ್. ಊಟ ಚೆನ್ನಾಗಿತ್ತು ಅಂತ ಹೇಳೋದು ನಮ್ಮನೇಲಿ ಕಲಿಸಿದ್ದಾರೆ. ಇವತ್ತು ಹೇಳಲ್ಲ," ಎಂದು ಶೂ ಹಾಕಿಕೊಂಡ.

ಸುಚೇತಾ ಅವರಿಬ್ಬರನ್ನೂ ಕಾರಿನಲ್ಲಿ ಸ್ಟಾಕ್‌ಪೋರ್ಟ್ ಸ್ಟೇಷನ್ನಿಗೆ ಕರೆದೊಯ್ದಳು. ತಾನೊಂದು ದೊಡ್ಡ ಕೆಲಸ ಮಾಡಿದೆ ಅನ್ನುವ ಬಿಸಿ ಅವಳ ಎದೆಯಲ್ಲಿ ಇನ್ನೂ ಆರಿರಲಿಲ್ಲ. ಸ್ಟೇಷನ್ನಿನ ಮುಂದೆ ಹಂಸಾ ಇಳಿದ ಮೇಲೆ ಉಲ್ಲಾಸ್ ಹಿಂದಿನ ಸೀಟಿನಲ್ಲೇ ಒಂದು ಕ್ಷಣ ಉಳಿದ.

"ಆಂಟಿ, ಉಪ್ಪು ತಂದಿಟ್ರಲ್ಲ, ಆಗಲೇ ನನಗೆ ಗೊತ್ತಾಯ್ತು. ನಿಮಗೂ ಗೊತ್ತಾಯ್ತು. ನಾನು ನಿಮ್ಮ ಮುಖ ನೋಡ್ತಿದ್ದೆ."

"ಹೌದಪ್ಪ."

"ಆಗ ನೀವು ಏನೂ ಅನ್ಲಿಲ್ಲ. ಆಮೇಲೆ ಎಲ್ಲರ ಎದುರಿಗೆ, ನನ್ನನ್ನ ಒಂದು ಮಾತೂ ಕೇಳದೆ ಹೇಳಿಬಿಟ್ರಿ. ನನ್ನ ಎಂಜಲು ಚಮಚದ ವಿಚಾರ ಅದು. ಆ ಡಾಕ್ಟರ್ ಏಲಕ್ಕಿ ಅಗಿಯುತ್ತಾ ಕೇಳಿಸ್ಕೊಂಡ್ರು." ಅವನ ದನಿಯಲ್ಲಿ ಜಗಳವಿರಲಿಲ್ಲ, ಸುಸ್ತಿತ್ತು. "ಒಳ್ಳೇ ಮನಸ್ಸಿಂದಲೇ ಹೇಳಿದ್ದು ಅಂತ ಗೊತ್ತು."

ಅವನು ಇಳಿದು ಹೋದ. ಸುಚೇತಾ ಸ್ಟೀರಿಂಗ್ ಹಿಡಿದುಕೊಂಡು ಕೂತೇ ಇದ್ದಳು, ಹಿಂದಿನ ಬಸ್ಸಿನವನು ಹಾರನ್ ಹೊಡೆಯುವವರೆಗೂ. ಗಂಡ ಬೆಳ್ಳಿ ಮೆರೆಸಿದ. ನಾನು ನನ್ನ ಒಳ್ಳೆತನ ಮೆರೆಸಿದೆ. ನಡುವೆ ಆ ಹುಡುಗನ ಮಾನ ಮೇಜಿನ ಮೇಲೆ ಬಿದ್ದಿತ್ತು. ಈ ಯೋಚನೆ ಬಂದ ಮೇಲೆ ಎದೆಯ ಬಿಸಿ ಹೋಗಿ, ಆ ಜಾಗದಲ್ಲಿ ಒಂಥರಾ ಲೋಳೆಯಂಥದ್ದು ಉಳಿಯಿತು.

ಮನೆಗೆ ಬಂದಾಗ ನಾಗಭೂಷಣ, ರಜನಿ ಹೊರಟು ಹೋಗಿದ್ದರು. ಪ್ರಭಾಕರ ಮೇಜಿನ ಮುಂದೆ ಕೂತು ಮೆತ್ತನೆಯ ಹಳದಿ ಬಟ್ಟೆಯಿಂದ ಸಮುದ್ರದೇವರ ಹೊಟ್ಟೆ ಉಜ್ಜುತ್ತಿದ್ದ.

"ನನ್ನ ಮಾನ ತೆಗೆದುಬಿಟ್ಟೆಯಲ್ಲೇ," ಎಂದ ತಲೆಯೆತ್ತದೆ. "ನಾನೇನು ಬೈದ್ನಾ ಅವನನ್ನ? ಎದ್ದು ಹೋಗು ಅಂದ್ನಾ? ಪಕ್ಕದಲ್ಲೇ ಕೂರಿಸ್ಕೊಂಡು ಊಟ ಹಾಕಿದೀನಿ."

"ನಾನು ತಿಂದ ಚಮಚಾನೂ ಕುದಿಸಿದ್ರಾ?"

"ಅದು ಹಳೇ ಬೆಳ್ಳಿ. ಹೈಜೀನ್..."

"ನಾಗಭೂಷಣ ಅವರದು? ಅವರಿಗೆ ಹೋದ ವಾರ ಕೆಮ್ಮು ಕಫ ಅಂತ ಆಂಟಿಬಯಾಟಿಕ್ ತಗೊಂಡ್ರು ಅಂತ ಹೇಳಿದ್ದು ನೀವೇ ಅಲ್ವಾ?"

ಪ್ರಭಾಕರ ಬಟ್ಟೆ ಕೆಳಗಿಟ್ಟ. "ನೋಡು ಸುಚೇತಾ, ನನಗೂ ಗೊತ್ತು, ಇದೆಲ್ಲ ತಪ್ಪು ಅಂತ. ಆದರೆ ಆಗಲ್ಲ ನನ್ನ ಕೈಲಿ. ಏನೋ ಒಂಥರಾ ಅಸಹ್ಯ ಆಗತ್ತೆ. ನಾನೇನು ಬೇಕು ಅಂತ ತಂದ್ಕೊಂಡಿದ್ದಲ್ಲ ಅದು."

ಅವನು ಅಷ್ಟು ನಿಜ ಹೇಳಿದ್ದೇ ಅಪರೂಪ. ಆದರೆ ಹೇಳುವಾಗ ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಯಾರಾದರೂ ಪಾಪ ಅನ್ನಲಿ ಅನ್ನುವ ಆಸೆ ಇತ್ತು. ಅದನ್ನು ಕಂಡು ಅವಳಿಗೆ ಉಪ್ಪು ಉದುರಿಸಿದಾಗ ಆಗಿದ್ದಕ್ಕಿಂತ ಹೆಚ್ಚು ವಾಕರಿಕೆ ಬಂತು. ಅವತ್ತೇ ತನ್ನ ಬಟ್ಟೆ, ದಿಂಬು ಎತ್ತಿಕೊಂಡು ಹಂಸಾಳ ಹಳೆಯ ಕೋಣೆಗೆ ಹೋದಳು. ಬೆಳ್ಳಿ ತೊಳೆಯುವುದನ್ನು ಬಿಟ್ಟಳು. ತಿಂಗಳು ಕಳೆಯುವುದರೊಳಗೆ ತನ್ನ ಕ್ಲಿನಿಕ್ಕಿನ ಹತ್ತಿರ ಒಂದು ಸಣ್ಣ ಫ್ಲಾಟು ಬಾಡಿಗೆಗೆ ಹಿಡಿದಳು.

ಬೇಸಗೆಯ ಹೊತ್ತಿಗೆ ಹಂಸಾ ಫೋನ್ ಮಾಡಿ, ಬರ್ಮಿಂಗ್‌ಹ್ಯಾಮಿನ ರಿಜಿಸ್ಟರ್ ಆಫೀಸಿನಲ್ಲಿ ಆಗಸ್ಟಿಗೆ ಮದುವೆ ಅಂತ ಹೇಳಿದಳು. ಕನ್ನಡದಲ್ಲೇ ಹೇಳಿದಳು, ತಡವರಿಸಿಕೊಂಡು. "ಉಲ್ಲಾಸ್ ನಿನ್ನ ಊಟಕ್ಕೆ ಕರೀತಿದಾನೆ. ಹೀ ಈಸ್ ಕುಕ್ಕಿಂಗ್."

ಉಲ್ಲಾಸ್ ಇದ್ದ ಮನೆ ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕಿನ ಸಾಲುಮನೆಗಳಲ್ಲೊಂದು. ನಾಲ್ಕು ಹುಡುಗರು ಹಂಚಿಕೊಂಡಿದ್ದರು. ಹೊರಗೆ ಕೌನ್ಸಿಲಿನ ಕಸದ ಡಬ್ಬಿಗಳು, ಒಳಗೆ ಒಗ್ಗರಣೆಯ ಘಾಟು. ಅವಳಿಗಾಗಿ ಉಲ್ಲಾಸ್ ಅವತ್ತು ಮಾಂಸ ಮಾಡಿರಲಿಲ್ಲ. ಬದನೆಕಾಯಿ ಎಣ್ಣೆಗಾಯಿ, ಅವರೆಕಾಳು ಸಾರು, ಮುದ್ದೆ. ಅಡಿಗೆಮನೆಯ ಪುಟ್ಟ ಮೇಜಿಗೆ ಮೂರೂ ಜನ ಮಂಡಿ ತಾಗಿಸಿಕೊಂಡು ಕೂತರು. ಉಲ್ಲಾಸ್ ಅವಳ ಮುಂದೆ ಅಂಗಡಿಯ ಸಾಧಾರಣ ಬಿಳಿ ತಟ್ಟೆಯಿಟ್ಟು, ಸೌಟು ತರಲು ಒಲೆಯ ಕಡೆ ತಿರುಗಿದ.

ಸುಚೇತಾ ಆ ತಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದಳು.

ಯಾಕೆ ನೋಡಿದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಕೈ ತಾನಾಗಿಯೇ ಎತ್ತಿತ್ತು. ರೋಗಿಗಳ ಮನೆಗೆ ಹೋದಾಗ ಬೆಕ್ಕು ಮಲಗಿದ ಮೇಜಿನ ಮೇಲಿಂದ ಚಹಾದ ಮಗ್ ಎತ್ತಿ ಕುಡಿದವಳು ಅವಳು. ಎಂದೂ ಒಳಗೆ ಇಣುಕಿರಲಿಲ್ಲ. ಈಗ ತಟ್ಟೆ ಕೆಳಗಿಡುವ ಹೊತ್ತಿಗೆ ಉಲ್ಲಾಸ್ ಸೌಟು ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದ.

"ತೊಳೆದಿದೆ, ಆಂಟಿ."

ಅವಳ ಮೈಯೆಲ್ಲ ಒಂದು ಸಲ ಕಾದು ತಣ್ಣಗಾಯಿತು. ತನ್ನ ಚರ್ಮದೊಳಗೆ ಏನೋ ಹರಿದಾಡಿದ ಹಾಗೆ, ಅದನ್ನು ಉಗುರಿನಿಂದ ಕಿತ್ತು ಹಾಕಬೇಕು ಅನ್ನುವ ಹಾಗೆ ಹೇಸಿಗೆಯಾಯಿತು. ಬೆಳಕು ಸಾಲದು ಅನ್ನಬಹುದಿತ್ತು. ಕನ್ನಡಕ ಮರೆತೆ ಅನ್ನಬಹುದಿತ್ತು. ಹಂಸಾ ಏನೂ ಗಮನಿಸದೆ ನೀರು ಬಗ್ಗಿಸುತ್ತಿದ್ದಳು.

"ನಾನು ತಟ್ಟೆ ಓರೆ ಮಾಡಿ ನೋಡಿದ್ದು ನಿಜ, ನೀನೂ ಕಂಡೆ," ಎಂದಳು ಸುಚೇತಾ. "ನೆಪ ಹೇಳಲ್ಲ. ನನಗೂ ಅಂಟಿದೆ ಅದು."

ಉಲ್ಲಾಸ್ ಮುದ್ದೆಯನ್ನು ಅವಳ ತಟ್ಟೆಗೆ ಹಾಕಿದ. ಸಾರು ಬಿಟ್ಟ. ಸೌಟು ತಟ್ಟೆಗೆ ತಾಗಿ ಠಣ್ ಎಂದಿತು. "ಗೊತ್ತು. ನೀವು ನೆಪ ಹೇಳಿದ್ದಿದ್ರೆ ನಾನು ಮತ್ತೆ ಕರೀತಿರ್ಲಿಲ್ಲ," ಎಂದು ತಾನೂ ಕೂತ. "ಸಾಕ್ಷಿ ಸಹಿ ನೀವೇ ಹಾಕ್ಬೇಕು ಅಂತ ಹಂಸಾ ಹೇಳ್ತಾಳೆ. ನಾನಿನ್ನೂ ಒಪ್ಪಿಲ್ಲ."

"ಒಪ್ಪೋವರೆಗೂ ಬರ್ತಿರ್ತೀನಿ," ಎಂದಳು ಅವಳು. ಮುದ್ದೆ ಮುರಿದಳು. ಮೊದಲ ತುತ್ತಿಗೆ ರುಚಿ ತಿಳಿಯಲಿಲ್ಲ. ಎರಡನೆಯದಕ್ಕೂ ಇಲ್ಲ. ಆಮೇಲೆ ಸಾರಿನ ರುಚಿ ಹತ್ತಿತು.

ಆ ಬೇಸಗೆಯಲ್ಲಿ ಭಾನುವಾರ ಬಂದರೆ ಅವಳು ರೈಲು ಹತ್ತುತ್ತಿದ್ದಳು. ಆಗಸ್ಟಿನಲ್ಲಿ, ಉಲ್ಲಾಸನ ತಂದೆತಾಯಿ ಕೊಳ್ಳೇಗಾಲದಿಂದ ಬಂದಿದ್ದಾಗ, ಅವರ ಎದುರಿಗೇ ಸಾಕ್ಷಿ ಸಹಿ ಹಾಕಿದಳು. ಪ್ರಭಾಕರನನ್ನು ಹಂಸಾ ಕರೆದಿದ್ದಳು. ಅವನು ಅವತ್ತು ಲೀಡ್ಸಿನಲ್ಲಿ ಒಂದು ಹರಾಜಿದೆ ಎಂದು ಹೇಳಿ ಕಳಿಸಿದ.